ಡೇಂಟ್ರಿ ಕೈಸೋಕದ ಕಾಡಲ್ಲ
ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ, ಡೇಂಟ್ರಿಯೂ ಸೇರಿದ ಮಳೆಕಾಡನ್ನು ಲೇಖನವೊಂದು 'ಮನುಷ್ಯರ ಕೈಸೋಕದ ಕಾಡು' ಎಂದಿದೆ, ಒಪ್ಪಲಾಗದು. ಅಲ್ಲಿನ ಮೂಲನಿವಾಸಿಗಳು ವಿಷದ ಕಾಯಿಗಳನ್ನೇ ಆಹಾರ ಮಾಡಿಕೊಂಡವರು. ಬ್ಲ್ಯಾಕ್ ಬೀನ್ ಬೀಜವನ್ನು (ಬೆಂಗಳೂರಿನ ಬೀದಿಬದಿಯಲ್ಲೂ ಈ ಮರವಿದೆ) ನೆಲದ ಗುಂಡಿಯಲ್ಲಿ ಕಾದ ಕಲ್ಲಿಟ್ಟು ಬೇಯಿಸಿ, ತೆಳ್ಳಗೆ ಹೆಚ್ಚಿ, ಬೆತ್ತದ ಬುಟ್ಟಿಯಲ್ಲಿ ತುಂಬಿ ಹರಿಯುವ ತೊರೆಯಲ್ಲಿ ದಿನಗಟ್ಟಲೆ ಬಿಡಬೇಕು. ಹೋಳು ದಪ್ಪವಾದರೆ ನಡುವಿನ ವಿಷ ತೊಳೆದುಹೋಗುವುದಿಲ್ಲ, ತಿಂದವರಿಗೆ ವಾಂತಿ-ಭೇದಿ.

ಬೆಂಕಿಯ ವಿಷಯ ಇನ್ನೂ ಮುಖ್ಯ. ಪಶ್ಚಿಮದ ಒಣ ಅಂಚಿನ ನೀಲಗಿರಿ ಜಾತಿಯ ಕಾಡಿಗೆ ಅವರು ಹದವರಿತು ಸಣ್ಣ ಬೆಂಕಿ ಇಡುತ್ತಿದ್ದರು. ವಸಾಹತು ಬಂದು ಅದು ನಿಂತಮೇಲೆ ಮಳೆಕಾಡಿನ ಸಸಿಗಳು ನುಗ್ಗಿ, ನೆರಳಿಗೆ ಹುಲ್ಲು ಸತ್ತು, ನಾರ್ದರ್ನ್ ಬೆಟಾಂಗ್‌ನಂಥ (ಪುಟ್ಟ ಕಾಂಗರೂವನ್ನು ಹೋಲುವ ಜೀವಿ) ಪ್ರಾಣಿಯ ನೆಲೆ ಕುಗ್ಗಿತು. ಆದರೂ ಈ ಮಳೆಕಾಡಿಗೆ 1988ರ ವಿಶ್ವಪರಂಪರೆ ಮನ್ನಣೆ ನಿಸರ್ಗದ ಲೆಕ್ಕದಲ್ಲಷ್ಟೇ ಸಿಕ್ಕಿದ್ದು, ಇಲ್ಲಿನ ಜನರ ಸಂಸ್ಕೃತಿಯ ಲೆಕ್ಕದಲ್ಲಲ್ಲ. ಡೇಂಟ್ರಿ ರಾಷ್ಟ್ರೀಯ ಉದ್ಯಾನ ಅಲ್ಲಿನ ಮೂಲನಿವಾಸಿಗಳಾದ ಈಸ್ಟರ್ನ್ ಕುಕು ಯಲಂಜಿ ಜನರ ಒಡೆತನಕ್ಕೆ ಮರಳಲು 2021ರವರೆಗೆ ಕಾಯಬೇಕಾಯಿತು.