ಬರೀ ಕೇಡನ್ನೇ ನುಡಿಯುವವರನ್ನು ಇನ್ನೆಷ್ಟು ದಿನ ಸಹಿಸಬೇಕು?

ವಯಸ್ಸಿನಲ್ಲಿ ಹಿರಿಯರೆಂಬ ಒಂದೇ ಕಾರಣಕ್ಕೆ, ಅವರು ಆಡಿದ್ದನ್ನೆಲ್ಲ ಕೇಳಿಸಿಕೊಂಡು, ಕಾಫಿ ಕೊಟ್ಟು, ಬಾಗಿಲವರೆಗೆ ಹೋಗಿ ಬೀಳ್ಕೊಡಬೇಕೆಂಬ ಮರ್ಯಾದೆ ನನಗೆ ಸಾಕಾಗಿದೆ.

ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ನನ್ನ ಮಗಳು ಗಣಿತವೊಂದರಲ್ಲಿ ಅನುತ್ತೀರ್ಣಳಾದಳು. ನಮ್ಮ ರಾಜ್ಯದಲ್ಲಿ 2024ರಲ್ಲಿ ಪೂರಕ ಪರೀಕ್ಷೆ ಹೋಗಿ ಅದರ ಜಾಗಕ್ಕೆ ಪರೀಕ್ಷೆ-2 ಬಂದಿದೆ. ಉಳಿದ ವಿಷಯ ಪಾಸಾದವರು ಬಿದ್ದ ವಿಷಯವನ್ನಷ್ಟೇ ಬರೆದು ಅದೇ ವರ್ಷ ಪಿಯುಸಿ ಸೇರಬಹುದು. ಅದಕ್ಕಾಗಿ ಶಾಲೆಯ ವಿಶೇಷ ತರಗತಿಗೆ ಹೋಗುತ್ತಾ, ಮನೆಯಲ್ಲಿ ತ್ರಿಕೋನಮಿತಿಯ ಲೆಕ್ಕಗಳನ್ನು ಮತ್ತೆ ಮತ್ತೆ ಬಿಡಿಸುತ್ತಾ ಕುಳಿತಿದ್ದ ಹುಡುಗಿಯ ಎದುರಿಗೇ ನಮ್ಮ ಭಾವನವರು, "ಗಣಿತ ನಮ್ಮ ವಂಶಕ್ಕೇ ಹತ್ತುವುದಿಲ್ಲಮ್ಮ, ಸುಮ್ಮನೆ ಫೀಸು ದಂಡ" ಎಂದುಬಿಟ್ಟರು. ಆ ರಾತ್ರಿ ಅವಳು ಪುಸ್ತಕ ತೆರೆಯಲಿಲ್ಲ. ಆಮೇಲೆ ಪಾಸಾದಳು. ಆಗಲಾದರೂ ಒಂದು ಒಳ್ಳೆಯ ಮಾತು ಬಂತೇ? "ಹತ್ತನೆಯದನ್ನು ಯಾರು ಬೇಕಾದರೂ ದಾಟುತ್ತಾರೆ, ಪಿಯುಸಿಯಲ್ಲಿ ಗೊತ್ತಾಗುತ್ತದೆ" ಎಂದರು. ಮಾವನವರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಕೂಡ ಬಂದು, ಯಾರಿಗೋ ಕಣ್ಣೇ ಹೋದ ಕಥೆ ಹೇಳಿ ಹೋಗಿದ್ದರು.

ಕೇಳಿದರೆ, "ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ" ಎಂಬ ಗಾದೆ ಅವರಿಗೆ ಸದಾ ಸಿದ್ಧ. ಆದರೆ ಅವರು ಹೇಳುವುದು ಇದ್ದದ್ದನ್ನಲ್ಲ, ಇನ್ನೂ ಆಗದ್ದನ್ನು. ನಾವು ನಿವೇಶನ ಕೊಳ್ಳುವಾಗ ಪಕ್ಕದ ಮನೆಯವರು, "ಜಾಗದ ಮೇಲೆ ಸಾಲ-ಋಣ ಇದೆಯೇ ಎಂದು ತೋರಿಸುವ ಇಸಿ ಪತ್ರ ತೆಗೆಸಿ, ಖಾತೆ ಯಾರ ಹೆಸರಿನಲ್ಲಿದೆ ನೋಡಿ" ಎಂದರು. ಅದು ಎಚ್ಚರಿಕೆ, ಅದರಿಂದ ನಮಗೊಂದು ದಾರಿ ಸಿಕ್ಕಿತು. ಭಾವನವರು, "ಸೈಟು ಕೊಂಡವರೆಲ್ಲ ಕೋರ್ಟು ಅಲೆಯುತ್ತಿದ್ದಾರೆ" ಎಂದರು. ಅದರಿಂದ ಸಿಕ್ಕಿದ್ದು ನಿದ್ದೆಗೇಡು ಮಾತ್ರ. ನುಡಿದ ಕೇಡು ಸುಳ್ಳಾದಾಗ, "ನಾನು ತಪ್ಪು ಹೇಳಿದೆ" ಎನ್ನಲು ಇಂಥವರು ಎಂದೂ ಬರುವುದಿಲ್ಲ. ಬರುವುದು ಹೊಸದೊಂದು ಅಪಶಕುನದೊಂದಿಗೇ.

ಇದಕ್ಕಿಂತ ಹೆಚ್ಚು ಸಿಟ್ಟು ಬರುವುದು, "ಅಣ್ಣನ ಸ್ವಭಾವವೇ ಅಷ್ಟು, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ" ಎಂದು ನಮ್ಮ ಮನೆಯವರು ನನಗೇ ಬುದ್ಧಿ ಹೇಳುವಾಗ. ನಾಲಿಗೆ ಹಿಡಿಯಬೇಕಾದವರು ಅವರಾಗಿರುವಾಗ ಮನಸ್ಸು ಗಟ್ಟಿ ಮಾಡಿಕೊಳ್ಳುವ ಕೆಲಸ ಹದಿನಾರರ ಹುಡುಗಿಗೆ ಯಾಕೆ? ಅವಳೀಗ ವಿಜ್ಞಾನ ವಿಭಾಗಕ್ಕೆ ಸೇರಿದ್ದಾಳೆ. ಅವಳ ಓದಿನ ಬಗ್ಗೆ ಭಾವನವರು ಮತ್ತೆ ಬಾಯಿ ತೆರೆದರೆ, ಈ ಮಾತನ್ನು ನಮ್ಮ ಮನೆಯಲ್ಲಿ ಆಡಬೇಡಿ ಎಂದು ಎಲ್ಲರ ಎದುರಿಗೇ ಹೇಳುತ್ತೇನೆ; ಯಾರಿಗೆ ಬೇಸರವಾದರೂ ಆಗಲಿ.