ಕಿಂಗ್ ಮುಗಿದ ಮೇಲೆ ಯಾರನ್ನು ಓದೋದು?

ಇವತ್ತು ಸಂಜೆ ಪುಸ್ತಕದಂಗಡಿಯಲ್ಲಿ ಕಂಡದ್ದಕ್ಕೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಒಬ್ಬಳು ಕಾಲೇಜು ಹುಡುಗಿ ಬಂದಳು. "ಸ್ಟೀಫನ್ ಕಿಂಗ್ ಅವರದ್ದು ಸಿಕ್ಕಿದ್ದೆಲ್ಲ ಓದಿದೀನಿ ಅಂಕಲ್, ಇನ್ನು ಯಾರನ್ನ ಓದ್ಲಿ?" ಅಂತ ಕೇಳಿದಳು. ಭಯದ ಕಾದಂಬರಿ ಬರೆಯುವ ಅಮೆರಿಕದ ಕಿಂಗ್ ಅವರನ್ನು ಓದಿ ಮುಗಿಸಿದವಳದ್ದು ಎಷ್ಟು ಚೆಂದದ ಪ್ರಶ್ನೆ! ಅಂಗಡಿಯವರು ಮೊಬೈಲಿನಲ್ಲಿ ಏನೋ ಹುಡುಕಿ ಒಂದು ದಪ್ಪ ಪುಸ್ತಕ ಕೈಗಿಟ್ಟರು. ಮುಖಪುಟದ ಮೇಲೆ ಲೇಖಕರ ಹೆಸರಿಗಿಂತ ದೊಡ್ಡದಾಗಿ 'ಮುಂದಿನ ಸ್ಟೀಫನ್ ಕಿಂಗ್' ಅಂತ ಅಚ್ಚಾಗಿತ್ತು. ಅವಳು ದುಡ್ಡು ಕೊಟ್ಟು ಹೊರಟಳು. ನಾನು ಬಾಯಿ ತೆರೆಯುವಷ್ಟರಲ್ಲಿ ಆಟೋ ಹತ್ತಿಯಾಗಿತ್ತು.

ಈ 'ಮುಂದಿನ ಕಿಂಗ್' ಅನ್ನೋ ಮಾತು ಕಂಡರೆ ನನಗೆ ಆಗಲ್ಲ. ಮುಂದಿನವರು ಯಾಕೆ ಬೇಕು? 1974ರಲ್ಲಿ 'ಕ್ಯಾರಿ' ಬರೆದ ಮನುಷ್ಯ ಇವತ್ತಿಗೂ ಬರೆಯುತ್ತಲೇ ಇದ್ದಾರೆ. ಅವರ ಸ್ವಂತ ಮಗನಿಗೇ ಆ ಪಟ್ಟ ಬೇಡವಾಗಿತ್ತು. ಅಪ್ಪನ ಹೆಸರಿನ ಬಲದ ಮೇಲೆ ಪುಸ್ತಕ ಮಾರಾಟ ಆಗಬಾರದು ಅಂತ ಜೋ ಹಿಲ್ ಅನ್ನೋ ಹೆಸರಿನಲ್ಲಿ ಬರೆದರು. ಮಗನೇ ಬೇಡ ಅಂದದ್ದನ್ನು ಪ್ರಕಾಶಕರು ಕಂಡಕಂಡವರ ತಲೆಗೆ ಕಟ್ಟುತ್ತಾರೆ. ಪಾಪ, ಆ ಲೇಖಕರಿಗೂ ಅನ್ಯಾಯ. ಓದುವವರು ಪ್ರತಿ ಪುಟದಲ್ಲೂ ಇನ್ನೊಬ್ಬರನ್ನು ಹುಡುಕುತ್ತಾ ಕೂರುತ್ತಾರೆ.

ನಮಗೆ ಕಿಂಗ್ ಯಾಕೆ ಹಿಡಿಸಿದರು ಅನ್ನೋದನ್ನು ಮೊದಲು ಕೇಳಿಕೊಳ್ಳಬೇಕು ಅಲ್ವಾ? ದೆವ್ವ, ರಕ್ತಪಿಪಾಸು, ಕೋಡಂಗಿ ವೇಷದ ಭೂತ ಇವೆಲ್ಲ ಬೇರೆ ಕಡೆಯೂ ಬೇಕಾದಷ್ಟು ಸಿಗುತ್ತವೆ. ಅಪ್ಪ ತೀರಿಕೊಂಡ ವರ್ಷ ನಾನು ಕಿಂಗ್ ಅವರ 'ಪೆಟ್ ಸೆಮೆಟರಿ' ಓದಿದೆ. ಅದರಲ್ಲಿ ಲೂಯಿಸ್ ಕ್ರೀಡ್ ಅನ್ನೋ ಡಾಕ್ಟರು ಪುಟ್ಟ ಮಗನನ್ನು ಲಾರಿಗೆ ಕಳೆದುಕೊಳ್ಳುತ್ತಾನೆ. ಕಾಡಿನಾಚೆ ಒಂದು ಜಾಗ ಇದೆ. ಅಲ್ಲಿ ಹೂತರೆ ಸತ್ತವರು ಎದ್ದು ಬರುತ್ತಾರೆ, ಆದರೆ ಬಂದವರು ನಮ್ಮವರಾಗಿರುವುದಿಲ್ಲ. ಮನೆಯ ಬೆಕ್ಕು ಹಾಗೆ ಬಂದದ್ದನ್ನು ಅವನು ಕಣ್ಣಾರೆ ನೋಡಿದ್ದಾನೆ. ಗೊತ್ತಿದ್ದೂ ಮಗನ ಹೆಣ ಹೊತ್ತು ಹೊರಡುತ್ತಾನೆ. ಆ ವರ್ಷ ಅಂಥ ಜಾಗ ಇದೆ ಅಂತ ಯಾರಾದರೂ ಹೇಳಿದ್ದರೆ ನಾನೂ ಅಪ್ಪನನ್ನು ಹೊತ್ತು ಹೊರಡುತ್ತಿದ್ದೆ. ಮನೆಯಲ್ಲಿ ಇದುವರೆಗೆ ಯಾರಿಗೂ ಇದನ್ನು ಹೇಳಿಲ್ಲ. ನನಗೆ ಕಿಂಗ್ ಅಂದರೆ ಇದು. ಈ ಸಂಕಟಕ್ಕೆ ಸರಿಸಾಟಿಯಾದದ್ದನ್ನು ಮುಖಪುಟದ ಘೋಷಣೆ ಹುಡುಕಿಕೊಡುತ್ತಾ?

ದಾರಿ ಬೇಕು ಅಂದರೆ ಕಿಂಗ್ ಅವರೇ ತೋರಿಸಿದ್ದಾರೆ. 1981ರ 'ಡಾನ್ಸ್ ಮಕಾಬ್ರ' ಪೂರ್ತಿ ಭಯದ ಕತೆಗಳ ಬಗ್ಗೆಯೇ ಇದೆ. ಕೊನೆಯಲ್ಲಿ ಅವರು ಮೆಚ್ಚಿದ ಪುಸ್ತಕಗಳ ಉದ್ದನೆ ಪಟ್ಟಿ ಇದೆ. ರಿಚರ್ಡ್ ಮ್ಯಾಥೆಸನ್, ಪೀಟರ್ ಸ್ಟ್ರಾಬ್, ರ್‍ಯಾಮ್ಸಿ ಕ್ಯಾಂಪ್‌ಬೆಲ್ ನನಗೆ ಸಿಕ್ಕಿದ್ದು ಅಲ್ಲಿಂದಲೇ. ಇನ್ನು ಕಿಂಗ್ ಅವರ 1980ರ 'ಫೈರ್‌ಸ್ಟಾರ್ಟರ್' ತೆರೆದು ಅರ್ಪಣೆಯ ಪುಟ ನೋಡಿ. ದನಿ ಏರಿಸುವ ಅಗತ್ಯವೇ ಬೀಳದಿದ್ದ ಶರ್ಲಿ ಜಾಕ್ಸನ್ ಅವರ ನೆನಪಿಗೆ ಅಂತಿದೆ. ಇದಕ್ಕಿಂತ ಒಳ್ಳೆಯ ಶಿಫಾರಸು ಯಾವ ಅಂಗಡಿಯವರು ಕೊಡುತ್ತಾರೆ?

ಅಮೆರಿಕದ ಈ ಲೇಖಕಿ ಜಾಕ್ಸನ್ ಅವರ 'ದಿ ಹಾಂಟಿಂಗ್ ಆಫ್ ಹಿಲ್ ಹೌಸ್' ಕಾದಂಬರಿ 1959ರದ್ದು. ಒಂದು ರಾತ್ರಿ ಆ ದೆವ್ವದ ಮನೆಯಲ್ಲಿ ತಂಗಿರುವ ಎಲೀನರ್‌ಗೆ ಪಕ್ಕದ ಕೋಣೆಯಿಂದ ಯಾರೋ ಗೊಣಗುವುದು, ಮಗು ಅಳುವುದು ಕೇಳುತ್ತದೆ. ಕತ್ತಲಲ್ಲಿ ಗೆಳತಿ ಥಿಯೊಡೊರಾಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತಾಳೆ. ಕೊನೆಗೆ ತಡೆಯಲಾರದೆ ನಿಲ್ಲಿಸಿ ಅಂತ ಕಿರುಚುತ್ತಾಳೆ. ದೀಪ ಹೊತ್ತುತ್ತದೆ. ನೋಡಿದರೆ ಥಿಯೊಡೊರಾ ಆಚೆ ಮಂಚದ ಮೇಲೆ ಆಗಷ್ಟೇ ಎದ್ದು ಕೂತಿದ್ದಾಳೆ. ಹಾಗಾದರೆ ಇಷ್ಟು ಹೊತ್ತು ಹಿಡಿದದ್ದು ಯಾರ ಕೈ? ಈ ದೃಶ್ಯದಲ್ಲಿ ಒಂದು ಹನಿ ರಕ್ತ ಇಲ್ಲ, ಒಂದು ದೆವ್ವ ಕಾಣಿಸಿಕೊಳ್ಳಲ್ಲ. ನನಗೆ ಅವತ್ತು ದೀಪ ಆರಿಸೋಕೆ ಆಗಲಿಲ್ಲ.

ಜಾಕ್ಸನ್ ಓದುವಾಗ ನಮ್ಮ ತ್ರಿವೇಣಿಯವರು ನೆನಪಾಗುತ್ತಲೇ ಇದ್ದರು. ಒಂಟಿ ಹೆಂಗಸಿನ ಮನಸ್ಸು ಒಳಗೊಳಗೇ ಬಿರುಕು ಬಿಡುವುದನ್ನು 'ಬೆಕ್ಕಿನ ಕಣ್ಣು', 'ಶರಪಂಜರ' ಬರೆದವರಷ್ಟು ಹತ್ತಿರದಿಂದ ಕಂಡವರು ಎಷ್ಟು ಜನ? ಜಾಕ್ಸನ್ 1965ರಲ್ಲಿ, 48ಕ್ಕೇ ತೀರಿಕೊಂಡರು. ತ್ರಿವೇಣಿಯವರು 1963ರಲ್ಲಿ, ಇನ್ನೂ 34ಕ್ಕೆ. ನೆನೆದರೆ ಹೊಟ್ಟೆ ಉರಿಯುತ್ತದೆ. 'ತುಳಸಿದಳ' ಓದಿ ಹೆದರಿದ ನಮ್ಮಲ್ಲಿ ಎಷ್ಟೋ ಜನ ತ್ರಿವೇಣಿಯವರನ್ನು ಅಮ್ಮಂದಿರ ಕಾದಂಬರಿಗಾರ್ತಿ ಅಂತ ಪಕ್ಕಕ್ಕಿಟ್ಟಿದ್ದೇವೆ. ಅದೂ ಇದೇ ರೋಗ. ಹಣೆಪಟ್ಟಿ ನೋಡಿ ಪುಸ್ತಕ ಎತ್ತಿಕೊಳ್ಳೋದು, ಹಣೆಪಟ್ಟಿ ನೋಡಿಯೇ ಕೆಳಗಿಡೋದು.

ಎಲ್ಲರಿಗೂ ಇಷ್ಟೆಲ್ಲ ಹುಡುಕೋಕೆ ಟೈಮ್ ಎಲ್ಲಿದೆ, ಆಪ್ ತೋರಿಸಿದ್ದು ಓದಿದರೆ ಏನಾಯ್ತು ಅಂತ ಕೆಲವರು ಕೇಳಬಹುದು. ಟೈಮ್ ಕಡಿಮೆ ಇದ್ದವರು ಐನೂರು ಪುಟದ ನಕಲು ಯಾಕೆ ಓದಬೇಕು ಸ್ವಾಮಿ? ಜಾಕ್ಸನ್ ಅವರ 'ದಿ ಲಾಟರಿ' ಅನ್ನೋ ಸಣ್ಣಕತೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. 1948ರಲ್ಲಿ 'ದಿ ನ್ಯೂಯಾರ್ಕರ್' ಪತ್ರಿಕೆಯಲ್ಲಿ ಬಂದಾಗ ಕಂಗಾಲಾದ ಓದುಗರಿಂದ ನೂರಾರು ಪತ್ರ ಬಂದವು. ನಾನು ಏನು ಕೊಂಡೆ ಅನ್ನೋದಷ್ಟೇ ಆಪ್‌ಗೆ ಗೊತ್ತು. ಯಾವ ಪುಟದಲ್ಲಿ ಅತ್ತೆ ಅನ್ನೋದು ಅದಕ್ಕೆ ಗೊತ್ತಿಲ್ಲ.

ಈಗಿನವರೇ ಬೇಕು ಅನ್ನುವವರಿಗೆ ನಾನು ಮೊದಲು ಹೇಳೋ ಹೆಸರು ಅರ್ಜೆಂಟೀನಾದ ಮರಿಯಾನಾ ಎನ್ರಿಕೆಸ್. 'ಥಿಂಗ್ಸ್ ವಿ ಲಾಸ್ಟ್ ಇನ್ ದಿ ಫೈರ್' ಅನ್ನೋ ಕಥಾಸಂಕಲನ 2017ರಲ್ಲಿ ಇಂಗ್ಲಿಷಿಗೆ ಬಂತು. ಅದೇ ಹೆಸರಿನ ಕತೆಯಲ್ಲಿ ಒಬ್ಬಳು ಹೆಣ್ಣುಮಗಳು ರೈಲಿನಲ್ಲಿ ಭಿಕ್ಷೆ ಬೇಡುತ್ತಾಳೆ. ಮುಖವೆಲ್ಲ ಸುಟ್ಟಿದೆ. ಮಲಗಿದ್ದಾಗ ಬೆಂಕಿ ಹಚ್ಚಿದವನು ಗಂಡ. ಆಸ್ಪತ್ರೆಯಲ್ಲಿ ಅವಳಿಗೆ ಮಾತಾಡೋಕೆ ಆಗದಿದ್ದಾಗ ಅವನು ಎಲ್ಲರಿಗೂ ಹೇಳಿದ್ದು, ಅವಳೇ ಸುಟ್ಟುಕೊಂಡಳು ಅಂತ. 'ಸ್ಟೌ ಸಿಡಿದು ಗೃಹಿಣಿ ಸಾವು' ಅನ್ನೋ ಸುದ್ದಿ ಓದುತ್ತಲೇ ಬೆಳೆದ ನಮಗೆ ಇದು ದೂರದ ದೇಶದ ಕತೆ ಅನ್ನಿಸೋಕೆ ಸಾಧ್ಯವಾ? ಕಿಂಗ್ ಥರ ಬರೆಯಬೇಕು ಅನ್ನೋ ಹಂಗು ಆಕೆಗಿಲ್ಲ. ತನ್ನ ಊರಿನ ಪೊಲೀಸರು, ಕೊಳೆತ ನದಿ, ಸುಟ್ಟ ಹೆಂಗಸರು ಇವರ ಬಗ್ಗೆ ಬರೆಯುತ್ತಾರೆ. ಅದಕ್ಕೇ ಕಿಂಗ್ ಓದಿದಾಗ ಆದಷ್ಟೇ ಸಂಕಟ ಇಲ್ಲೂ ಆಗುತ್ತದೆ.

ಸರಿ, ಈಗ ನೀವು ಹೇಳಿ. ಕನ್ನಡದಲ್ಲಿ ನಿಮ್ಮನ್ನು ಹೀಗೆ ಹೆದರಿಸಿದವರು ಯಾರು? ಸುಮ್ನೆ ಹೆಸರು ಬರೆದು ಹೋಗಬೇಡಿ. ಯಾವ ಕತೆ, ಯಾವ ಜಾಗದಲ್ಲಿ ಪುಸ್ತಕ ಮುಚ್ಚಿಟ್ಟಿರಿ ಅಂತ ಬರೆಯಿರಿ. ಭಾನುವಾರ ಮತ್ತೆ ಅದೇ ಅಂಗಡಿಗೆ ಹೋಗುತ್ತೇನೆ. ನೀವು ಕೊಟ್ಟ ಹೆಸರುಗಳನ್ನು ಅವರ ಕೈಗೇ ಬರೆದು ಕೊಡುತ್ತೇನೆ.