ಆರು ಬಾಟಲಿ, ಒಂದೇ ಅಳತೆ, ಲೇಬಲ್ ಇರಬಾರದು

ಮಧ್ಯಾಹ್ನ ಊಟ ಮುಗಿಸಿ ಪದಬಂಧ ತುಂಬೋಣ ಅಂತ ಪೇಪರ್ ಹುಡುಕಿದರೆ ಪೇಪರ್ ಇಲ್ಲ. ಬುಟ್ಟಿ ಇತ್ತು. ಸೈಕಲ್ ಕಡ್ಡಿಗೆ ಸುತ್ತಿ, ಫೆವಿಕಾಲ್ ಹಚ್ಚಿ, ಸುರುಳಿ ಸುರುಳಿಯಾಗಿ ಕೂಡಿಸಿದ ಬುಟ್ಟಿ. ಅದರ ಹೊಟ್ಟೆಯ ಮೇಲೆ ‘ಕೆಆರ್‌ಎಸ್ ಒಳಹರಿವು’ ಅನ್ನೋವರೆಗೆ ಓದಬಹುದಿತ್ತು. ಹೆಚ್ಚಿತೋ ಇಳಿಯಿತೋ, ಅದು ಸುರುಳಿಯ ಒಳಗಡೆ ಹೋಗಿತ್ತು.

“ಹಳೇ ಪೇಪರ್ ಅಂದ್ಕೊಂಡೆ ಕಣ್ರೀ” ಅಂದಳು ನಮ್ಮ ಮನೆಯವಳು.

ಕುವೆಂಪುನಗರದಲ್ಲಿ ನಮ್ಮ ಮನೆ ಹತ್ತಿರದ ಹಾಲ್‌ನಲ್ಲಿ ಭಾನುವಾರ ಕಾರ್ಯಾಗಾರ ಶುರುವಾದಾಗಿನಿಂದ ನಮ್ಮ ಮನೆಯಲ್ಲಿ ಹಳೇದು ಯಾವುದು, ಹೊಸದು ಯಾವುದು ಅನ್ನೋದೇ ಗೊತ್ತಾಗದ ಹಾಗಾಗಿದೆ. ಬೇಡದ ವಸ್ತುಗಳಿಂದ ಕಲೆ. ಸಂತೋಷ. ಆದರೆ ಬೇಡದ ವಸ್ತುಗಳಿಗೂ ಒಂದು ಪಟ್ಟಿ ಬರುತ್ತದೆ. ಹೋದ ಸಲದ ಪಟ್ಟಿಯಲ್ಲಿ ಗಾಜಿನ ಬಾಟಲಿ ಆರು, ಎಲ್ಲಾ ಒಂದೇ ಅಳತೆ, ಲೇಬಲ್ ಇರಬಾರದು. ಐಸ್‌ಕ್ರೀಮ್ ಕಡ್ಡಿ ಒಂದು ಪ್ಯಾಕೆಟ್. ಐಸ್‌ಕ್ರೀಮ್ ತಿಂದು ಕಡ್ಡಿ ಕೂಡಿಡಿ ಅಂತಲ್ಲ, ಸ್ಟೇಷನರಿ ಅಂಗಡಿಯಲ್ಲಿ ಹೊಸ ಕಡ್ಡಿ ಕೊಂಡು ತನ್ನಿ ಅಂತ. ಜೊತೆಗೆ ಅಕ್ರಿಲಿಕ್ ಬಣ್ಣ, ಎಂ-ಸೀಲ್, ಕಪ್ಪೆಚಿಪ್ಪು, ಗ್ಲಿಟರ್. ಗ್ಲಿಟರ್ ಅಂದರೆ ಬಹುಪಾಲು ಪ್ಲಾಸ್ಟಿಕ್ ಹಾಳೆಯ ಪುಡಿ. ಪರಿಸರದ ಮೇಲೆ ಅದನ್ನು ಉದುರಿಸಿ ಪರಿಸರ ಉಳಿಸುತ್ತಾರಂತೆ.

ಕಡ್ಡಿ ಬಿಡಿ, ದುಡ್ಡು ಕೊಟ್ಟರೆ ಸಿಗುತ್ತದೆ. ಬಾಟಲಿ? ನಮ್ಮದು ಕಾಫಿಗಿಂತ ಗಟ್ಟಿಯಾದದ್ದು ಏನೂ ಇಳಿಯದ ಮನೆ. ಸಾಸ್ ಬಾಟಲಿ ಒಂದಿತ್ತು. ಜೇನುತುಪ್ಪದ್ದು ಒಂದು. ಅಳತೆ ಬೇರೆ. ಕೊನೆಗೆ ನಾನು ಪ್ರತಿ ತಿಂಗಳು ಪೇಪರ್ ಹಾಕುವ ಗುಜರಿ ಅಂಗಡಿಗೇ ಹೋದೆ. ಆತ ತಕ್ಕಡಿ ಕೆಳಗಿಟ್ಟು ನನ್ನ ಕೈ ನೋಡಿದ. ಖಾಲಿ.

“ಕೊಡಕ್ ಬಂದ್ರಾ ಸಾರ್, ತಗೊಳಕ್ಕಾ?”

“ತಗೊಳಕ್ಕೆ. ಬಾಟ್ಲು. ಆರು.”

ಒಳಗಿದ್ದ ಹುಡುಗ ಕೆಲಸ ನಿಲ್ಲಿಸಿ ಆಚೆ ಬಂದ. ಮೂಟೆ ಬಿಚ್ಚಿದರು. ನಾನು ಬಿಯರ್ ಬಾಟಲಿಗೆ ಕೈ ಹಾಕಿದೆ, ಎಲ್ಲ ಒಂದೇ ಅಳತೆ ಇತ್ತಲ್ಲ. ಆತ ತಡೆದ. “ಅದು ಬ್ಯಾಡ ಸಾರ್. ಅದು ಕಂಪನಿಗೆ ವಾಪಸ್ ಹೋಯ್ತದೆ. ತೊಳ್ದು ತಿರ್ಗಾ ತುಂಬ್ತಾರೆ. ಅದಕ್ಕೆ ರೇಟ್ ಜಾಸ್ತಿ.” ಕ್ವಾರ್ಟರ್ ಬಾಟಲಿ ತಗೊಳ್ಳಿ ಅಂದ. ನಾನು ದಿನಪತ್ರಿಕೆಯನ್ನು ಕೆಜಿ ಲೆಕ್ಕದಲ್ಲಿ ಕೊಡುವಾಗ ಗ್ರಾಂ ಗ್ರಾಂಗೂ ಎಳೆದಾಡುವ ಮನುಷ್ಯ, ಆವತ್ತು ಬಾಟಲಿಗೆ ಐದು ರೂಪಾಯಿ ಅಂದಾಗ ಬಾಯಿ ಮುಚ್ಚಿಕೊಂಡು ಕೊಟ್ಟೆ. ಬೇಗ ಹೊರಡಬೇಕಿತ್ತು. ಎದುರು ಮನೆಯ ಮೇಷ್ಟ್ರು ತರಕಾರಿ ಚೀಲ ಹಿಡಿದು ಬರುತ್ತಿದ್ದರು. ನನ್ನ ಬಟ್ಟೆ ಚೀಲ ಹೆಜ್ಜೆಗೊಮ್ಮೆ ಟಣ್ ಅನ್ನುತ್ತಿತ್ತು.

“ಏನ್ ಸಾರ್, ಮಗ ಬಂದಿದ್ದಾನಾ?” ಅಂದರು.

ಲೇಬಲ್ ಬಿಡಿಸೋದು ಬೇರೆಯೇ ಪುರಾಣ. ಬಕೆಟ್ಟಿನಲ್ಲಿ ಬಿಸಿನೀರು, ಅಡುಗೆ ಸೋಡಾ. ವಿಸ್ಕಿಯ ಲೇಬಲ್ಲು ಮರ್ಯಾದಸ್ಥ, ಅರ್ಧ ಗಂಟೆಗೆ ಇಡೀ ಹಾಳೆಯಾಗಿ ಎದ್ದು ತೇಲಿತು. ರಮ್ಮಿನದು ಹಠಮಾರಿ. ಕಾಗದ ಹೋದರೂ ಗೋಂದು ಬಿಡದು. ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ತೆಂಗಿನ ನಾರಿನಲ್ಲಿ ತಿಕ್ಕಬೇಕು. ತಾರಸಿ ಮೇಲೆ ಕೂತು ತಿಕ್ಕಿದೆ. ಕೆಲಸದ ಲಕ್ಷ್ಮಮ್ಮ ಬಟ್ಟೆ ಒಣಗಿಸಲು ಬಂದವಳು ಬಕೆಟ್ಟಿನ ವಾಸನೆ ನೋಡಿ, ನನ್ನ ಮುಖ ನೋಡಿ, ಏನೂ ಕೇಳದೆ ಹೋದಳು. ಕೇಳಿದ್ದರೆ ಹೇಳಬಹುದಿತ್ತು. ಕೇಳಲಿಲ್ಲ ನೋಡಿ, ಅದೇ ಕಷ್ಟ.

ಕಸದಲ್ಲಿ ಕಲೆ ಇಲ್ಲ ಅಂತ ನಾನೆಲ್ಲಿ ಹೇಳಿದೆ? ಚಂಡೀಗಢದ ನೇಕ್ ಚಂದ್ ರಸ್ತೆ ಇನ್‌ಸ್ಪೆಕ್ಟರ್ ಕೆಲಸ ಮಾಡಿಕೊಂಡೇ, ಒಡೆದ ಬಳೆ, ಮುರಿದ ಸಿಂಕು, ಪಿಂಗಾಣಿ ಚೂರು ಹೊತ್ತು ತಂದು, ಯಾರಿಗೂ ಹೇಳದೆ ವರ್ಷಗಟ್ಟಲೆ ಗೊಂಬೆ ಕಟ್ಟಿದರು. 1976ರಲ್ಲಿ ಅದು ರಾಕ್ ಗಾರ್ಡನ್ ಆಗಿ ಜನರಿಗೆ ತೆರೆಯಿತು. ಪಿಕಾಸೊ 1942ರಲ್ಲಿ ಸೈಕಲ್ ಸೀಟು, ಹ್ಯಾಂಡಲ್ಲು ಸೇರಿಸಿ ಗೂಳಿಯ ತಲೆ ಮಾಡಿದ. ಎರಡೇ ಸಾಮಾನು. ಕಪ್ಪೆಚಿಪ್ಪು ಅಂಟಿಸಲಿಲ್ಲ. ಅವರಿಬ್ಬರಿಗೂ ಯಾರೂ ಪಟ್ಟಿ ಕಳಿಸಿರಲಿಲ್ಲ.

ಕಾರ್ಯಾಗಾರದಲ್ಲಿ ಎಲ್ಲರಿಗೂ ಒಬ್ಬೊಬ್ಬ ಅಜ್ಜಿ ಬೇರೆ. “ನಮ್ಮಜ್ಜಿ ಏನನ್ನೂ ಎಸೀತಿರಲಿಲ್ಲ” ಅಂತ ಒಬ್ಬರಾದ ಮೇಲೆ ಒಬ್ಬರು ಶುರು ಮಾಡುತ್ತಾರೆ. ಪಾಂಡವಪುರದ ನಮ್ಮಜ್ಜಿಯೂ ಎಸೆಯುತ್ತಿರಲಿಲ್ಲ. ಬಾಟಲಿ ಸಿಕ್ಕರೆ ಸೀಮೆಎಣ್ಣೆ ತುಂಬುತ್ತಿದ್ದಳು. ಬಣ್ಣ ಬಳಿದು ಟಿವಿ ಪಕ್ಕ ಇಡುತ್ತಿರಲಿಲ್ಲ. ಟಿವಿ ಇರಲಿಲ್ಲ ಅನ್ನೋದು ಬೇರೆ ಮಾತು.

2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ದೇಶಕ್ಕೇ ಮೊದಲು ಬಂತು. ಅದರ ಹಿಂದೆ ಇದ್ದವರು ಬೆಳಗಾಗುವ ಮೊದಲೇ ಬೀದಿ ಗುಡಿಸುವ ಪೌರಕಾರ್ಮಿಕರು, ಕುಂಬಾರಕೊಪ್ಪಲಿನಂಥ ಘಟಕಗಳಲ್ಲಿ ಕೂತು ಗಾಜು ಬೇರೆ, ಪ್ಲಾಸ್ಟಿಕ್ ಬೇರೆ, ಚಪ್ಪಲಿ ಬೇರೆ ಮಾಡುವವರು. ಅವರು ಬೇರೆ ಮಾಡುತ್ತಾರೆ, ನಾವು ದುಡ್ಡು ಕೊಟ್ಟು ಒಟ್ಟಿಗೆ ಅಂಟಿಸುತ್ತೇವೆ. ದಸರಾ ಗೊಂಬೆ ಎತ್ತಿಟ್ಟ ಮೇಲೆ ಆರು ಬಾಟಲಿಯಲ್ಲಿ ಮೂರಕ್ಕೆ ಜಾಗವಿಲ್ಲ ಅಂತಾಯಿತು. ಗುಜರಿಗೇ ಒಯ್ದೆ. ಆತ ಒಂದನ್ನು ತಿರುಗಿಸಿ ನೋಡಿ, ಹೆಬ್ಬೆರಳ ಉಗುರಿನಿಂದ ಕಪ್ಪೆಚಿಪ್ಪು ಕೀಳಲು ನೋಡಿದ. ಎಂ-ಸೀಲ್, ಬರುತ್ತದೆಯೇ?

“ಇದು ನಡೆಯಲ್ಲ ಸಾರ್. ಇಷ್ಟೆಲ್ಲಾ ಬಿಡಿಸ್ಕೊಂಡು ಯಾರು ಕೂತ್ಕೋತಾರೆ?”

ಮನೆಗೆ ಬಂದು ಹೇಳಿದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ವಿಜಯನಗರದ ನಾದಿನಿಯ ಮನೆ ಗೃಹಪ್ರವೇಶ ಇದೆಯಲ್ಲ, ಅಲ್ಲಿಗೆ ಎತ್ತಿಟ್ಟಳು. ನಾದಿನಿ ಮೇಲೆ ಅವಳಿಗೆ ಮೊದಲಿಂದಲೂ ಸ್ವಲ್ಪ ಹಾಗೇ.

ಈ ಭಾನುವಾರಕ್ಕೆ ಸೋಡಾ ಮುಚ್ಚಳ ನಲವತ್ತು ಬೇಕಂತೆ, ಸೊಟ್ಟಗಿರಬಾರದಂತೆ. ಓಪನರ್ ಹಾಕಿದ ಮೇಲೆ ಸೊಟ್ಟಗಾಗದ ಮುಚ್ಚಳ ಎಲ್ಲಿರುತ್ತದೆ ಅಂತ ಕೇಳಿದೆ. “ಗುಜರಿಯವನ್ನ ಕೇಳಿ, ನಿಮಗೆ ಪರಿಚಯ ಇದ್ದಾನಲ್ಲ” ಅಂದಳು.